ಕೆಲಸ ಹೆಚ್ಚಿತು, ಸಂಬಳ ಎಲ್ಲಿ?

2024ರ ಜುಲೈ ತಿಂಗಳಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಎರಡು ಲೆಕ್ಕಗಳು ದೇಶದ ಮುಂದೆ ಬಂದವು. ಆರ್ಥಿಕತೆ ಶೇ 7ರ ವೇಗದಲ್ಲಿ ಬೆಳೆದರೂ ವರ್ಷಕ್ಕೆ 80ರಿಂದ 90 ಲಕ್ಷ ಉದ್ಯೋಗಗಳಷ್ಟೇ ಹುಟ್ಟುತ್ತವೆ, ಬೇಕಿರುವುದು 1.2 ಕೋಟಿ ಎಂದು ಸಿಟಿ ಗ್ರೂಪ್‌ನ ಅರ್ಥಶಾಸ್ತ್ರಜ್ಞರು ಅಂದಾಜಿಸಿದರು. ಬೆನ್ನಲ್ಲೇ ರಿಸರ್ವ್ ಬ್ಯಾಂಕಿನ ಕೆಎಲ್‌ಇಎಂಎಸ್ ದತ್ತಾಂಶ ಹೊರಬಿತ್ತು. 2023–24ರ ಒಂದೇ ವರ್ಷದಲ್ಲಿ ದುಡಿಯುವವರ ಸಂಖ್ಯೆ 4.67 ಕೋಟಿಯಷ್ಟು ಏರಿ 64.33 ಕೋಟಿ ಮುಟ್ಟಿದೆ ಎಂದು ಅದು ಹೇಳಿತು. ಕೇಂದ್ರ ಕಾರ್ಮಿಕ ಸಚಿವಾಲಯ ಇದನ್ನೇ ಮುಂದಿಟ್ಟು ಸಿಟಿ ವರದಿಯನ್ನು ತಳ್ಳಿಹಾಕಿತು. ಮುಂದಿನ ಚರ್ಚೆ ಯಥಾಪ್ರಕಾರ ಪರ–ವಿರೋಧದ ದಾರಿ ಹಿಡಿಯಿತು. ಆ ಅಂಕಿ ಬಂದದ್ದು ಎಲ್ಲಿಂದ, ಅದರೊಳಗೆ ಯಾರಿದ್ದಾರೆ ಎಂದು ಬಿಡಿಸಿ ನೋಡಿದವರು ಕಡಿಮೆ.

ಕೆಎಲ್‌ಇಎಂಎಸ್‌ ಯಾವ ಕಾರ್ಖಾನೆಯ ಹಾಜರಿ ಪುಸ್ತಕವನ್ನೂ ನೋಡುವುದಿಲ್ಲ. ಸರ್ಕಾರದ ಕಾರ್ಮಿಕ ಪಡೆ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್, ನೂರು ಜನರಲ್ಲಿ ಎಷ್ಟು ಮಂದಿ ಕೆಲಸದಲ್ಲಿದ್ದಾರೆ ಎಂದು ಹೇಳುತ್ತದೆ. ಆ ಪ್ರಮಾಣವನ್ನು ದೇಶದ ಅಂದಾಜು ಜನಸಂಖ್ಯೆಗೆ ಅನ್ವಯಿಸಿದಾಗ ಕೋಟಿಗಳ ಲೆಕ್ಕ ಸಿಗುತ್ತದೆ. ಜನಸಂಖ್ಯೆಯಾದರೂ 2011ರ ಜನಗಣತಿಯ ಆಧಾರದಲ್ಲಿ ಮುಂದಕ್ಕೆ ಎಳೆದ ಅಂದಾಜು. ಮುಂದಿನ ಗಣತಿಯ ಗಣನಾ ದಿನಾಂಕ 2027ರ ಮಾರ್ಚ್ 1. ಹೀಗಾಗಿ ಇಷ್ಟು ಕೋಟಿ ಉದ್ಯೋಗ ಎಂದು ಯಾರೇ ಹೇಳಲಿ, ಆ ಸಂಖ್ಯೆಗಿಂತ ಅದರ ಮೂಲದಲ್ಲಿರುವ ಪ್ರಮಾಣವನ್ನೇ ಹೆಚ್ಚು ನಂಬಬೇಕು.

ಆ ಪ್ರಮಾಣ ಏರಿರುವುದು ನಿಜ. 15 ವರ್ಷ ಮೇಲ್ಪಟ್ಟವರಲ್ಲಿ ದುಡಿಯುವವರ ಪಾಲು 2017–18ರಲ್ಲಿ ಶೇ 46.8 ಇತ್ತು, 2023–24ಕ್ಕೆ ಶೇ 58.2 ಆಯಿತು. ನೂರಕ್ಕೆ ಹನ್ನೊಂದು ಮಂದಿಗೂ ಹೆಚ್ಚು ಹೊಸದಾಗಿ ಕೆಲಸಕ್ಕೆ ಇಳಿದಿದ್ದಾರೆ. ಇದು ಸುಳ್ಳು ಅಂಕಿಯಲ್ಲ, ಕಡೆಗಣಿಸುವಂಥದ್ದೂ ಅಲ್ಲ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಕೋಷ್ಟಕವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ದುಡಿಯುವವರಲ್ಲಿ ಸ್ವಂತ ಕೆಲಸದವರ ಪಾಲು ಇದೇ ಅವಧಿಯಲ್ಲಿ ಶೇ 52.2ರಿಂದ ಶೇ 58.4ಕ್ಕೆ ಏರಿತು. ತಿಂಗಳ ಸಂಬಳದವರ ಪಾಲು ಶೇ 22.8ರಿಂದ ಶೇ 21.7ಕ್ಕೆ, ದಿನಗೂಲಿಯವರದ್ದು ಶೇ 24.9ರಿಂದ ಶೇ 19.8ಕ್ಕೆ ಇಳಿಯಿತು.

ಎರಡನ್ನೂ ಸೇರಿಸಿ ಗುಣಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. 2017–18ರಲ್ಲಿ ನೂರು ಜನ ವಯಸ್ಕರಲ್ಲಿ ಸುಮಾರು 24 ಮಂದಿ ಸ್ವಂತ ಕೆಲಸದಲ್ಲಿದ್ದರು, 2023–24ರಲ್ಲಿ 34. ಸಂಬಳದ ಕೆಲಸದಲ್ಲಿದ್ದವರು ಹತ್ತಿರ ಹತ್ತಿರ 11. 2023–24ಕ್ಕೆ ಹನ್ನೆರಡೂವರೆಯ ಆಸುಪಾಸು. ಕೂಲಿಯವರು ಹೆಚ್ಚುಕಡಿಮೆ ಅಷ್ಟೇ ಇದ್ದರು. ಅಂದರೆ ಆರು ವರ್ಷಗಳಲ್ಲಿ ಹೊಸದಾಗಿ ದುಡಿಮೆಗೆ ಬಂದ ಹನ್ನೊಂದು ಚಿಲ್ಲರೆ ಜನರಲ್ಲಿ ಸಂಬಳದ ಕೆಲಸ ಸಿಕ್ಕಿದ್ದು ಇಬ್ಬರಿಗೂ ಕಡಿಮೆ. ಉಳಿದವರನ್ನು ಯಾರೂ ನೇಮಿಸಿಕೊಳ್ಳಲಿಲ್ಲ. ಅವರು ತಮಗೆ ತಾವೇ ಕೆಲಸ ಹುಡುಕಿಕೊಂಡರು, ಇಲ್ಲವೇ ಮನೆಯವರ ಕೆಲಸಕ್ಕೆ ಕೈಜೋಡಿಸಿದರು.

ಆ ಕೈಜೋಡಿಸಿದವರಲ್ಲಿ ಬಹುಪಾಲು ಹೆಂಗಸರು. ಕಾರ್ಮಿಕ ಪಡೆಯಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆ ಶೇ 23.3ರಿಂದ ಶೇ 41.7ಕ್ಕೆ ಜಿಗಿದಿದೆ. ಇಷ್ಟು ದೊಡ್ಡ ಬದಲಾವಣೆ ಭಾರತದ ಸಮೀಕ್ಷೆಗಳಲ್ಲಿ ಅಪರೂಪ. ಹಾಗೆಯೇ, 2023–24ರಲ್ಲಿ ದುಡಿಯುವ ಮಹಿಳೆಯರಲ್ಲಿ ಶೇ 36.7ರಷ್ಟು ಮಂದಿ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿಯುವವರು. ಮಂಡ್ಯದಲ್ಲೋ ಹಾವೇರಿಯಲ್ಲೋ ನಸುಕಿನಲ್ಲಿ ಎದ್ದು ಹಸುವಿಗೆ ಹುಲ್ಲು ಹಾಕಿ, ಹಾಲು ಕರೆದು ಡೇರಿಗೆ ಕಳಿಸುವ ಹೆಣ್ಣುಮಗಳು ಈ ಲೆಕ್ಕದಲ್ಲಿ ಉದ್ಯೋಗಸ್ಥೆ. ಡೇರಿಯ ಪಾಸ್‌ಪುಸ್ತಕ ಗಂಡನ ಹೆಸರಿನಲ್ಲಿದ್ದರೂ ಅಷ್ಟೇ. ಅವಳ ದುಡಿಮೆಯನ್ನು ದುಡಿಮೆ ಎಂದು ಎಣಿಸಿದ್ದು ನ್ಯಾಯವೇ. ಹಿಂದೆ ಎಣಿಸದೆ ಬಿಟ್ಟಿದ್ದೇ ತಪ್ಪು. ಆದರೆ ಅವಳ ಹೆಸರನ್ನು ಪಟ್ಟಿಗೆ ಸೇರಿಸಿ, ದೇಶದಲ್ಲಿ ಉದ್ಯೋಗ ಸೃಷ್ಟಿಯಾಯಿತು ಎಂದು ಹೇಳುವುದು ಅವಳಿಗೆ ಮಾಡುವ ಇನ್ನೊಂದು ಅನ್ಯಾಯ. ಒಟ್ಟು ದುಡಿಯುವವರಲ್ಲಿ ಕೃಷಿಯನ್ನೇ ನೆಚ್ಚಿದವರ ಪಾಲು 2018–19ರಲ್ಲಿ ಶೇ 42.5ಕ್ಕೆ ಇಳಿದಿತ್ತು. ಕೋವಿಡ್ ಕಾಲದಲ್ಲಿ ಊರಿಗೆ ಮರಳಿದವರಿಂದ ಅದು ಮತ್ತೆ ಏರಿತು. ಸೋಂಕು ಹೋಗಿ ವರ್ಷಗಳಾದ ಮೇಲೂ, 2023–24ರಲ್ಲಿ, ಶೇ 46.1ರಲ್ಲೇ ನಿಂತಿತ್ತು. ಬೆಳೆಯುತ್ತಿರುವ ಆರ್ಥಿಕತೆಯಲ್ಲಿ ಜನ ಹೊಲದಿಂದ ಹೊರಗೆ ಹೋಗಬೇಕು. ನಮ್ಮಲ್ಲಿ ಹೊಲಕ್ಕೆ ಮರಳಿದವರು ಅಲ್ಲೇ ಉಳಿದರು.

ಇನ್ನು ನಿರುದ್ಯೋಗ ದರ. 2017–18ರಲ್ಲಿ ಅದು ಶೇ 6.1 ಇತ್ತು. ನಾಲ್ಕೂವರೆ ದಶಕಗಳಲ್ಲೇ ಅತಿ ಹೆಚ್ಚು ಎಂಬ ಸುದ್ದಿ 2019ರ ಜನವರಿಯಲ್ಲಿ ಪತ್ರಿಕೆಯ ಮೂಲಕ ಸೋರಿಕೆಯಾದಾಗ ವರದಿ ಇನ್ನೂ ಬಿಡುಗಡೆಯಾಗಿರಲಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಪಿ.ಸಿ. ಮೋಹನನ್ ಮತ್ತು ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ವರದಿ ಅಧಿಕೃತವಾಗಿ ಹೊರಬಂದದ್ದು ಲೋಕಸಭಾ ಚುನಾವಣೆ ಮುಗಿದ ಮೇಲೆ, ಮೇ 31ರಂದು. ಅಂಕಿಯನ್ನು ಬಚ್ಚಿಟ್ಟರೆ ಅಂಕಿಗಿಂತ ದೊಡ್ಡದೊಂದು, ಅಂದರೆ ಜನರ ನಂಬಿಕೆ, ಹೋಗುತ್ತದೆ. ಆ ನಂಬಿಕೆ ಇಂದಿಗೂ ಪೂರ್ತಿ ಮರಳಿಲ್ಲ.

2023–24ಕ್ಕೆ ಆ ದರ ಶೇ 3.2ಕ್ಕೆ ಇಳಿದಿದೆ. ಇಳಿದದ್ದು ಒಳ್ಳೆಯದೇ ಎಂದು ಥಟ್ಟನೆ ಹೇಳಿಬಿಡಬಹುದು. ಆದರೆ ಭಾರತದಂಥ ದೇಶದಲ್ಲಿ ನಿರುದ್ಯೋಗಿಯಾಗಿ ಉಳಿಯುವುದಕ್ಕೂ ಒಂದಿಷ್ಟು ಅನುಕೂಲ ಬೇಕು. ಅಪ್ಪನ ಸಂಬಳವೋ ತೋಟದ ಆದಾಯವೋ ಬೆನ್ನಿಗಿದ್ದವರು ಮಾತ್ರ ತಕ್ಕ ಕೆಲಸಕ್ಕಾಗಿ ವರ್ಷಗಟ್ಟಲೆ ಕಾಯಬಲ್ಲರು. ಬಡವರು ಸಿಕ್ಕಿದ್ದನ್ನು ಮಾಡುತ್ತಾರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿ ಇದನ್ನು ಎತ್ತಿ ತೋರಿಸಿತು: 2021–22ರಲ್ಲಿ 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗ ದರ ಶೇ 42ಕ್ಕೂ ಹೆಚ್ಚು. ವಯಸ್ಸಾದಂತೆ ಅದು ತೀವ್ರವಾಗಿ ತಗ್ಗುತ್ತದೆ. ಅವರಿಗೆ ಕೊನೆಗೆ ಸಿಕ್ಕ ಕೆಲಸ ಓದಿಗೆ ತಕ್ಕದ್ದಾಗಿತ್ತೇ ಎಂಬುದನ್ನು ಆ ದರ ಹೇಳುವುದಿಲ್ಲ.

ದರವನ್ನು ಅಳೆಯುವ ಕ್ರಮಗಳೂ ಎರಡಿವೆ. ವರ್ಷದ ಬಹುಭಾಗ ಏನು ಮಾಡುತ್ತಿದ್ದಿರಿ ಎಂದು ಕೇಳುವುದು ಒಂದು; ಇದರಲ್ಲಿ ತಿಂಗಳೊಪ್ಪತ್ತಿನ ಪೂರಕ ಕೆಲಸವೂ ಲೆಕ್ಕಕ್ಕೆ ಸೇರುತ್ತದೆ. ಕಳೆದ ಏಳು ದಿನಗಳಲ್ಲಿ ಒಂದು ಗಂಟೆಯಾದರೂ ಕೆಲಸ ಮಾಡಿದಿರಾ ಎಂದು ಕೇಳುವುದು ಇನ್ನೊಂದು. 2023–24ರಲ್ಲಿ ಮೊದಲ ಕ್ರಮದಲ್ಲಿ ಶೇ 3.2 ಬಂದರೆ ಎರಡನೆಯದರಲ್ಲಿ ಶೇ 4.9 ಬಂದಿತು. ಸಮೀಕ್ಷೆ 2025ರಿಂದ ತಿಂಗಳಿಗೊಮ್ಮೆ ಬರತೊಡಗಿದೆ. ಮಾದರಿಯ ಗಾತ್ರ ಹಿಂದಿನ ಎರಡೂವರೆ ಪಟ್ಟಿಗೂ ಮಿಗಿಲು. ಇದು ಸ್ವಾಗತಾರ್ಹ ಸುಧಾರಣೆ. ಆದರೆ ತಿಂಗಳ ಅಂಕಿ ವಾರದ ಕ್ರಮದ್ದು. 2025ರ ಏಪ್ರಿಲ್‌ನ ಶೇ 5.1ನ್ನು ವಾರ್ಷಿಕ ಶೇ 3.2ರ ಪಕ್ಕದಲ್ಲಿಟ್ಟು ನಿರುದ್ಯೋಗ ಏರಿತು ಎಂದರೆ ತಪ್ಪಾಗುತ್ತದೆ. ಮೇ ತಿಂಗಳಲ್ಲಿ ಅದು ಶೇ 5.6ಕ್ಕೆ ಹೋದದ್ದಕ್ಕೆ ಹಿಂಗಾರು ಕೊಯ್ಲು ಮುಗಿದದ್ದು, ಬಿಸಿಲು ಕೂಡ ಕಾರಣ. ಋತುಮಾನದ ಏರಿಳಿತವನ್ನು ತೆಗೆಯದ ಅಂಕಿ ಇದು. ಹಿಂದಿನ ತಿಂಗಳಿಗಿಂತ ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿ ನೋಡುವುದೇ ಸರಿ.

ನೇಮಕಾತಿಯ ಲೆಕ್ಕ ಬೇಕೆಂದರೆ ಜನರನ್ನಲ್ಲ, ಉದ್ಯೋಗದಾತರ ಕಡತವನ್ನು ನೋಡಬೇಕು. ಈ ದಿಕ್ಕಿನಲ್ಲಿ ಮೊದಲ ಹೆಜ್ಜೆ ಇಟ್ಟವರಲ್ಲಿ ಬೆಂಗಳೂರಿನ ಐಐಎಂನ ಪುಲಕ್ ಘೋಷ್ ಒಬ್ಬರು. ಸ್ಟೇಟ್ ಬ್ಯಾಂಕಿನ ಸೌಮ್ಯಕಾಂತಿ ಘೋಷ್ ಜೊತೆ ಅವರು 2018ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನ, ಭವಿಷ್ಯನಿಧಿಯಂಥ ದಾಖಲೆಗಳನ್ನು ಆಧರಿಸಿ 2017–18ರಲ್ಲಿ 70 ಲಕ್ಷ ಔಪಚಾರಿಕ ಉದ್ಯೋಗಗಳು ಸೇರುತ್ತವೆ ಎಂದು ಅಂದಾಜಿಸಿತ್ತು. 2018ರ ಏಪ್ರಿಲ್‌ನಿಂದ ನೌಕರರ ಭವಿಷ್ಯನಿಧಿ ಸಂಘಟನೆ (ಇಪಿಎಫ್‌ಒ) ತಿಂಗಳ ವೇತನಪಟ್ಟಿ ಅಂಕಿಗಳನ್ನು ಪ್ರಕಟಿಸತೊಡಗಿತು. 2018–19ರಲ್ಲಿ 61.1 ಲಕ್ಷ ಇದ್ದ ನಿವ್ವಳ ಸೇರ್ಪಡೆ 2023–24ರಲ್ಲಿ 131.5 ಲಕ್ಷವಾಯಿತು.

ಇದನ್ನು ಇಷ್ಟೂ ಹೊಸ ಹುದ್ದೆ ಎಂದು ಓದುವಂತಿಲ್ಲ. ಪಿಎಫ್ ಕಾಯ್ದೆ ಅನ್ವಯವಾಗುವುದು 20 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಸಂಸ್ಥೆಗೆ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ 19 ಜನ ಇದ್ದು ಇಪ್ಪತ್ತನೆಯವರು ಸೇರಿದರೆ, ಹುಟ್ಟಿದ್ದು ಒಂದು ಕೆಲಸ. ಪಟ್ಟಿಗೆ ಸೇರುವುದು ಇಪ್ಪತ್ತು ಹೆಸರು. ಜಿಎಸ್‌ಟಿ ಬಂದ ಮೇಲೆ ದಾಖಲೆಗೆ ಬಂದ ಸಂಸ್ಥೆಗಳು, ಸರ್ಕಾರದ ಪ್ರೋತ್ಸಾಹಧನಕ್ಕಾಗಿ ನೋಂದಾಯಿಸಿದವರು, ಕಂಟ್ರಾಕ್ಟರ್ ಬದಲಾದಾಗ ಬಿಟ್ಟು ಮತ್ತೆ ಸೇರಿದವರು ಎಲ್ಲರೂ ಇದರೊಳಗಿದ್ದಾರೆ. ದಾಖಲೆಯಿಲ್ಲದ ಕೆಲಸ ದಾಖಲೆಗೆ ಬರುವುದು ಕಾರ್ಮಿಕನಿಗೆ ದೊಡ್ಡ ಲಾಭ. ಅದನ್ನು ಕಡಿಮೆ ಎನ್ನಲಾರೆ. ಆದರೆ ಅದು ಉದ್ಯೋಗ ಸೃಷ್ಟಿಯಲ್ಲ. ಪ್ರಾಥಮಿಕ ಅಂಕಿ ಮುಂದಿನ ತಿಂಗಳುಗಳಲ್ಲಿ ಪರಿಷ್ಕರಣೆಯಾಗುತ್ತದೆ ಎಂಬುದನ್ನೂ ಶೀರ್ಷಿಕೆಗಳು ಮರೆಯುತ್ತವೆ. ಪರಿಷ್ಕರಣೆ ಮೋಸವಲ್ಲ, ಪ್ರಾಮಾಣಿಕತೆ. ಅಮೆರಿಕದಲ್ಲಿ 2025ರ ಆಗಸ್ಟ್‌ನಲ್ಲಿ ಹಿಂದಿನ ಎರಡು ತಿಂಗಳ ಅಂಕಿಯನ್ನು 2,58,000ದಷ್ಟು ತಗ್ಗಿಸಿದ್ದಕ್ಕೆ ಅಧ್ಯಕ್ಷ ಟ್ರಂಪ್ ಅಲ್ಲಿನ ಕಾರ್ಮಿಕ ಅಂಕಿಅಂಶ ಸಂಸ್ಥೆಯ ಮುಖ್ಯಸ್ಥೆಯನ್ನೇ ವಜಾ ಮಾಡಿದರು. ಆ ದಾರಿ ಯಾವ ದೇಶಕ್ಕೂ ಬೇಡ.

ಬೆಂಗಳೂರಿನ ಐಟಿ ನೇಮಕಾತಿಯ ಮಾತು ಬಂದಾಗಲೂ ನಾವು ಕಣ್ಣಿಗೆ ಕಾಣುವುದನ್ನಷ್ಟೇ ಎಣಿಸುತ್ತೇವೆ. 2023–24ರಲ್ಲಿ ಇನ್ಫೊಸಿಸ್ ಸಿಬ್ಬಂದಿ 25,994ರಷ್ಟು, ಟಿಸಿಎಸ್‌ನದು 13,249ರಷ್ಟು ಕುಗ್ಗಿತು. ಷೇರುಪೇಟೆಯಲ್ಲಿರುವ ಈ ಕಂಪನಿಗಳು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡುತ್ತವೆ, ಅದರಿಂದ ನಮಗೆ ಗೊತ್ತಾಯಿತು. ಬಹುರಾಷ್ಟ್ರೀಯ ಕಂಪನಿಗಳು ಇಲ್ಲಿ ತೆರೆದಿರುವ ಜಾಗತಿಕ ಸಾಮರ್ಥ್ಯ ಕೇಂದ್ರಗಳು (ಜಿಸಿಸಿ) ಅಂಥ ಲೆಕ್ಕ ಕೊಡುವುದಿಲ್ಲ. 2029ರೊಳಗೆ 500 ಹೊಸ ಜಿಸಿಸಿ, 3.5 ಲಕ್ಷ ಉದ್ಯೋಗ ಎಂಬ ಗುರಿಯನ್ನು ರಾಜ್ಯದ 2024ರ ನೀತಿ ಇಟ್ಟುಕೊಂಡಿದೆ. ಆ ಗುರಿ ಎಷ್ಟು ತಲುಪಿತು ಎಂದು ಅಳೆಯುವ ಸಾರ್ವಜನಿಕ ಕೋಲು ಯಾವುದು? ಜಾಬ್ ಪೋರ್ಟಲ್‌ಗಳ ಜಾಹೀರಾತು ಸೂಚ್ಯಂಕ ಗಾಳಿಯ ದಿಕ್ಕು ಹೇಳಬಲ್ಲದು. ಕ್ಯಾಂಪಸ್ ಆಯ್ಕೆ, ಪರಿಚಯದವರ ಶಿಫಾರಸು, ಗಾರ್ಮೆಂಟ್ಸ್ ಗೇಟಿನ ಮುಂದಿನ ನೇಮಕಾತಿ ಯಾವುದೂ ಅದರಲ್ಲಿಲ್ಲ.

ನಮ್ಮ ದೊಡ್ಡ ಕೊರತೆ ಇರುವುದು ಇಲ್ಲೇ. ದುಡಿಯುವವರನ್ನು ಎಣಿಸುತ್ತೇವೆ, ಖಾಲಿ ಇರುವ ಕೆಲಸಗಳನ್ನು ಎಣಿಸುವುದಿಲ್ಲ. ಎಣಿಸಬೇಕೆಂಬ ಯೋಚನೆ ಹೊಸದೇನೂ ಅಲ್ಲ. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಯ ವಿವರ ನೀಡಬೇಕು ಎಂಬ ಕಾಯ್ದೆ 1959ರಲ್ಲೇ ಬಂತು. ನಮ್ಮ ಹಿಂದಿನ ತಲೆಮಾರು ಉದ್ಯೋಗ ವಿನಿಮಯ ಕೇಂದ್ರದ ಕಾರ್ಡ್ ನವೀಕರಿಸುತ್ತಾ ಕಾದದ್ದು ಅದೇ ವ್ಯವಸ್ಥೆಯನ್ನು ನಂಬಿ. ಸಂಸ್ಥೆಗಳು ವಿವರ ಕೊಡಲಿಲ್ಲ, ಕೇಳುವವರೂ ಕೇಳಲಿಲ್ಲ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಕಾಯ್ದೆ ಲೀನವಾಗಿದೆ. ಮಾಹಿತಿ ನೀಡುವ ಹೊಣೆ ಅಲ್ಲೂ ಮುಂದುವರಿದಿದೆ. ಈ ಸಲವಾದರೂ ಅದು ಕಾಗದದಲ್ಲಿ ಉಳಿಯಬಾರದು.

ಕರ್ನಾಟಕ ದೆಹಲಿಗಾಗಿ ಕಾಯಬೇಕಿಲ್ಲ. ತಿಂಗಳಿಗೆ 25 ಸಾವಿರ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಸಂಬಳದವರ ವೃತ್ತಿ ತೆರಿಗೆಯನ್ನು ಉದ್ಯೋಗದಾತರು ಮುರಿದುಕೊಂಡು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೆ ಕಟ್ಟುತ್ತಾರೆ. ಅದು ರಾಜ್ಯದ್ದೇ ಆದ ವೇತನಪಟ್ಟಿ. ಜಿಸಿಸಿಯೂ ಅದರಲ್ಲಿದೆ, ಹುಬ್ಬಳ್ಳಿಯ ಆಸ್ಪತ್ರೆಯೂ ಇದೆ. 21 ಸಾವಿರದವರೆಗಿನ ಸಂಬಳದವರು ಇಎಸ್‌ಐ ದಾಖಲೆಯಲ್ಲಿದ್ದಾರೆ. ಯಾರ ಹೆಸರನ್ನೂ ಹೊರಗೆಡವದೆ, ಯಾವ ಜಿಲ್ಲೆಯಲ್ಲಿ, ಯಾವ ವಲಯದಲ್ಲಿ ಎಷ್ಟು ಮಂದಿಗೆ ತೆರಿಗೆ ಮುರಿಯಲಾಯಿತು ಎಂಬ ಮೊತ್ತವನ್ನಷ್ಟೇ ತಿಂಗಳಿಗೊಮ್ಮೆ ಪ್ರಕಟಿಸಿದರೂ ಸಂಬಳದ ಕೆಲಸ ಎಲ್ಲಿ ಬೆಳೆಯುತ್ತಿದೆ, ಎಲ್ಲಿ ನಿಂತಿದೆ ಎಂಬುದು ಕಾಣುತ್ತದೆ.

ಇನ್ನೊಂದು ಗಣಿ ಯುವನಿಧಿ. ಓದು ಮುಗಿದು 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುವ ಯೋಜನೆ. ಅರ್ಜಿಯಲ್ಲಿ ಓದಿದ ಕೋರ್ಸ್, ಕಾಲೇಜು, ಊರು ಎಲ್ಲ ಇದೆ. ಇನ್ನೂ ಕೆಲಸ ಸಿಕ್ಕಿಲ್ಲ ಎಂಬ ಸ್ವಯಂ ಘೋಷಣೆಯನ್ನೂ ಕೊಡಬೇಕು. ಯಾವ ಕೋರ್ಸಿನವರು ಎಷ್ಟು ತಿಂಗಳಲ್ಲಿ ಪಟ್ಟಿಯಿಂದ ಹೊರಗೆ ಹೋಗುತ್ತಾರೆ, ಯಾರು ಎರಡು ವರ್ಷ ತುಂಬುವವರೆಗೂ ಉಳಿಯುತ್ತಾರೆ ಎಂಬ ಮಾಹಿತಿ ಕಲಬುರಗಿಯ ಬಿ.ಎ. ವಿದ್ಯಾರ್ಥಿನಿಗೂ ಅವಳ ಅಪ್ಪ–ಅಮ್ಮನಿಗೂ ಬೇಕು. ಸಾಲ ಮಾಡಿ ಮಕ್ಕಳನ್ನು ಓದಿಸುವ ಮನೆಗಳು ಇಂದು ಊಹೆಯ ಮೇಲೆ, ಕಾಲೇಜುಗಳ ಜಾಹೀರಾತಿನ ಮೇಲೆ ಕೋರ್ಸ್ ಆರಿಸುತ್ತಿವೆ. ಸರ್ಕಾರ ಆ ಯೋಜನೆಯನ್ನು ಹಣ ಹಂಚಿಕೆಯಾಗಿ ಮಾತ್ರ ನೋಡದೆ, ಅದರ ದತ್ತಾಂಶವನ್ನು ಜಿಲ್ಲಾವಾರು, ಕೋರ್ಸ್‌ವಾರು ಬಿಡುಗಡೆ ಮಾಡಬೇಕು. ವೃತ್ತಿ ತೆರಿಗೆಯ ಮೊತ್ತದ ಜೊತೆ ಇದನ್ನೂ ಸೇರಿಸಿ ತಿಂಗಳ ವರದಿ ಹೊರತರುವ ಹೊಣೆಯನ್ನು ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯಕ್ಕೆ ಮುಂದಿನ ಬಜೆಟ್‌ನಲ್ಲೇ ವಹಿಸಬೇಕು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ.