ಸಿಗ್ನಲ್ ಖಾಲಿ ಮಾಡಿದರೆ ಸಾಲದು

ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಪೆನ್ನು, ಬಲೂನು, ಕಾರು ಒರೆಸುವ ಬಟ್ಟೆ ಹಿಡಿದು ಓಡಾಡುವ ಮಕ್ಕಳು ದಿಕ್ಕಿಲ್ಲದವರು, ಇಲ್ಲವೇ ಯಾವುದೋ ಜಾಲದ ಕೈಗೆ ಸಿಕ್ಕವರು ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಇವರನ್ನು ಮೂರು ಬಗೆಯಾಗಿ ಗುರುತಿಸುತ್ತದೆ: ಒಂಟಿಯಾಗಿ ಬೀದಿಯಲ್ಲಿರುವವರು, ಅಪ್ಪ ಅಮ್ಮನೊಂದಿಗೆ ಬೀದಿಯಲ್ಲೇ ಬದುಕುವವರು, ಹಗಲು ಬೀದಿಯಲ್ಲಿದ್ದು ರಾತ್ರಿ ಕೊಳೆಗೇರಿಯ ಮನೆಗೆ ಮರಳುವವರು. ಕೊನೆಯ ಎರಡು ಬಗೆಯವರಿಗೆ ಮನೆಮಂದಿ ಇದ್ದಾರೆ. ಆದರೂ ನಮ್ಮ ‘ರಕ್ಷಣಾ ಕಾರ್ಯಾಚರಣೆ’ ಎಲ್ಲರನ್ನೂ ಅನಾಥರೆಂಬಂತೆಯೇ ವಾಹನಕ್ಕೆ ಹತ್ತಿಸುತ್ತದೆ.

2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಇಂಥ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬಾಲಮಂದಿರ ಕೊನೆಯ ದಾರಿಯಾಗಬೇಕು ಎಂಬುದೂ ಅದೇ ಕಾಯ್ದೆಯ ಮಾತು. ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಂಡು ಮಗುವನ್ನು ಕಳಿಸಿಕೊಟ್ಟರೆ ಕಡತ ಮುಗಿಯಬಹುದು. ಮನೆಯ ಬಾಡಿಗೆ, ಸಾಲ, ದಿನದ ಅಕ್ಕಿ ಮುಗಿಯುವುದಿಲ್ಲ. ಕೂಲಿಗೆ ವಲಸೆ ಬಂದ ತಾಯಿಗೆ ಕೂಸನ್ನು ಬಿಡಲು ಶಿಶುವಿಹಾರವಿಲ್ಲದಿದ್ದರೆ ಅದನ್ನು ಎತ್ತಿಕೊಳ್ಳುವವಳು ಎಂಟರ ಅಕ್ಕ. ಆಕೆಯ ಶಾಲೆ ತಪ್ಪುವುದು ಅಲ್ಲಿಂದ. ಜನನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದನ್ನು ಫುಟ್‌ಪಾತಿನ ಕುಟುಂಬಕ್ಕೆ ತಿಳಿಸಿ, ಮಗುವಿನ ಕೈ ಹಿಡಿದು ಶಾಲೆಯವರೆಗೆ ಕರೆದೊಯ್ಯುವ ಕಾರ್ಯಕರ್ತರಿಗೆ ಹಣ ಮೀಸಲಿಡಬೇಕು. ಬೀದಿಯಲ್ಲೇ ಮಕ್ಕಳ ಗೆಳೆತನ ಸಂಪಾದಿಸುವ ಈ ನಿಧಾನದ ಕೆಲಸವೇ ಫಲ ಕೊಡುವಂಥದ್ದು. (ಗಣ್ಯರ ಭೇಟಿಯ ಹೊತ್ತಿಗೆ ಸರಿಯಾಗಿ ಹುಟ್ಟುವ ಮಕ್ಕಳ ಕಾಳಜಿಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.)

‘ಹಾಗೆ ಬಿಟ್ಟರೆ ಜಾಲಗಳಿಗೆ ಅನುಕೂಲವಲ್ಲವೇ?’ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಮಗುವನ್ನು ಭಿಕ್ಷೆಗೆ ಬಳಸುವವರಿಗೆ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ವಿಧಿಸಲು ಬಾಲ ನ್ಯಾಯ ಕಾಯ್ದೆಯ 76ನೇ ಸೆಕ್ಷನ್ ಇದೆ. ಅದನ್ನು ದಂಧೆಕೋರರ ಮೇಲೆ ಬಳಸಲಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೂ ಮಾರುವ ತಾಯಿಯ ಮೇಲಲ್ಲ. 2021ರಲ್ಲಿ ಸಿಗ್ನಲ್‌ಗಳಲ್ಲಿ ಭಿಕ್ಷೆ ನಿಷೇಧಿಸಲು ಒಪ್ಪದ ಸುಪ್ರೀಂ ಕೋರ್ಟ್ ಅದನ್ನು ಸಾಮಾಜಿಕ, ಆರ್ಥಿಕ ಸಮಸ್ಯೆಯೆಂದೇ ಕಂಡಿತು. ಹಾಗೆಂದು ಮಕ್ಕಳು ದುಡಿಯುತ್ತಿರಲಿ ಎಂಬುದು ನನ್ನ ವಾದವಲ್ಲ. ಮಗು ತರುವ ನೂರಿನ್ನೂರು ರೂಪಾಯಿಗೆ ಬದಲಿ ತೋರಿಸದೆ ದುಡಿಮೆ ನಿಲ್ಲಿಸಿದರೆ ಅದು ಇನ್ನೊಂದು ಸಿಗ್ನಲ್‌ಗೆ ಹೋಗುತ್ತದೆ, ಅಷ್ಟೇ.

ಆಪತ್ತಿನಲ್ಲಿರುವ ಮಗು ಕಂಡರೆ ಓದುಗರು 1098ಕ್ಕೆ ಕರೆ ಮಾಡಲಿ. ಇಲಾಖೆಯೂ ಎಷ್ಟು ಮಕ್ಕಳನ್ನು ‘ರಕ್ಷಿಸಿದೆವು’ ಎಂಬ ಲೆಕ್ಕದ ಜೊತೆಗೆ, ಆರು ತಿಂಗಳ ಬಳಿಕ ಅವರಲ್ಲಿ ಎಷ್ಟು ಮಂದಿ ಶಾಲೆಯಲ್ಲಿದ್ದಾರೆ ಎಂಬ ಲೆಕ್ಕವನ್ನೂ ಪ್ರಕಟಿಸಲಿ.