ಕೈಗೆಟುಕುವ ಡಬ್ಬಿ

ಹೋದ ತಿಂಗಳು ಶಿವಾಜಿನಗರದ ಬಾಡಿಗೆ ಮನೆಯಲ್ಲಿ ಸೊಂಟ ಹಿಡಿದುಕೊಂಡು ಎರಡು ದಿನ ಮಲಗಿಬಿಟ್ಟೆ. ತಿಂಗಳಿಗಾಗುವಷ್ಟು ದಿನಸಿ ಇತ್ತು. ಅಮ್ಮ ಕಳಿಸಿದ ಅವಲಕ್ಕಿ, ಹುರಿಟ್ಟು, ಚಟ್ನಿಪುಡಿ ಎಲ್ಲವೂ ಮೇಲಿನ ಕಪಾಟಿನಲ್ಲಿ. ಹಾಸಿಗೆ ಪಕ್ಕ ಅರ್ಧ ಬಾಟಲಿ ನೀರು ಮಾತ್ರ.

ಆಗ ನೆನಪಾದವರು ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ. 2012ರ ನವೆಂಬರ್ 1ರಂದು ಮುಂಬೈಯಿಂದ ‘ಮ್ಹಾದೇಯಿ’ ಹಾಯಿದೋಣಿಯಲ್ಲಿ ಹೊರಟು, ಎಲ್ಲೂ ದಡ ಮುಟ್ಟದೆ ಒಬ್ಬರೇ ಭೂಮಿ ಸುತ್ತಿ, 2013ರ ಮಾರ್ಚ್ 31ಕ್ಕೆ ಮರಳಿದವರು. ಐದು ತಿಂಗಳ ಊಟ ಹೊರಡುವಾಗಲೇ ದೋಣಿ ಏರಬೇಕು. ತಾಜಾ ತರಕಾರಿ ಮೊದಲ ವಾರಗಳಲ್ಲೇ ಮುಗಿಯುತ್ತದೆ. ನಡುಗಡಲಿನಲ್ಲಿ ಹತ್ತು ನಿಮಿಷದ ಡೆಲಿವರಿ ಇಲ್ಲವಲ್ಲ!

2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಅವರಿಗೆ ಬೇರೆಯೇ ಪಾಠವಾಯಿತು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ‘ತುರೀಯ’ದ ಹಾಯಿಕಂಬ ಮುರಿಯಿತು, ಅವರ ಬೆನ್ನಿಗೆ ಪೆಟ್ಟಾಯಿತು. ತಿಂಗಳುಗಟ್ಟಲೆಯ ಯಾನಕ್ಕೆ ತುಂಬಿಕೊಂಡ ದೋಣಿ ಅದು. ಆದರೆ ನಡೆಯಲಾಗದವರ ಕೈಗೆ ಸಿಕ್ಕಿದ್ದು ಐಸ್ ಟೀ ಕ್ಯಾನ್‌ಗಳು, ಕುಡಿದದ್ದೂ ವಾಂತಿ. 24ರಂದು ಫ್ರಾನ್ಸಿನ ‘ಓಸಿರಿಸ್’ ಹಡಗು ಬಂದು ಕಾಪಾಡಿತು. ಮುಂದಿನ ರೇಸಿಗೆ ಮತ್ತೆ ಹೋಗಿ, 2023ರಲ್ಲಿ ಎರಡನೆಯವರಾಗಿ ದಡ ಸೇರಿದರು ಅನ್ನಿ.

ದಿನಸಿ ತುಂಬುವುದೆಂದರೆ ಎಷ್ಟು ಅನ್ನುವುದಷ್ಟೇ ಅಲ್ಲ, ಎಲ್ಲಿ ಅನ್ನುವುದೂ ಹೌದು. ಈಗ ಅವಲಕ್ಕಿ ಡಬ್ಬಿ ಮಂಚದ ಪಕ್ಕಕ್ಕೆ ಇಳಿದಿದೆ. ಇನ್ನೊಂದು ಕೀಲಿ ಪಕ್ಕದ ಮನೆಯ ಕಾಕೂ ಹತ್ತಿರ ಇದೆ.

ಊರಲ್ಲಿ ಒಬ್ಬಳೇ ಇರುವ ಅಮ್ಮನಿಗೂ ಫೋನ್ ಮಾಡಿದೆ. ‘ಊಟ ಆಯ್ತಾ’ ಅಂತ ದಿನಾ ಕೇಳುತ್ತಿದ್ದವನು ಮೊದಲ ಸಲ ಕೇಳಿದೆ: ‘ಡಬ್ಬಿಗಳನ್ನು ಎಷ್ಟು ಎತ್ತರದಲ್ಲಿ ಇಟ್ಟಿದ್ದೀಯಮ್ಮ?’