‘ಎಷ್ಟು?’ ಎಂಬ ಪ್ರಶ್ನೆಗೆ ಉತ್ತರ

ಸಂತೆಯಲ್ಲಿ ತೊಗರಿಬೇಳೆಯನ್ನು ತೂಗುವುದಕ್ಕೆ ತಕ್ಕಡಿಯುಂಟು. ಹೊಲವನ್ನು ಅಳೆಯುವುದಕ್ಕೆ ಸರಪಳಿಯುಂಟು. ಆದರೆ ನೋವು, ನಲಿವು, ದಣಿವು, ಅಕ್ಕರೆ ಇವುಗಳನ್ನು ತೂಗುವ ತಕ್ಕಡಿ ಯಾವುದು? ಮಾತೊಂದೇ. ಆದುದರಿಂದ ‘ಎಷ್ಟು?’ ಎಂದು ಕೇಳಿದಾಗ ನಮ್ಮ ನುಡಿ ಯಾವ ರೀತಿಯಲ್ಲಿ ಉತ್ತರ ಕೊಡುತ್ತದೆಂಬುದನ್ನು ಓದುಗ ಬಾಂಧವರೊಡನೆ ಈ ತಿಂಗಳು ವಿಚಾರ ಮಾಡಬೇಕೆನಿಸಿದೆ.

ಕನ್ನಡಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. ಹಳಗನ್ನಡದಲ್ಲಿ ಅನಿತು, ಇನಿತು, ಎನಿತು ಎಂದಿದ್ದ ಸ್ಥಾನದಲ್ಲಿ ಇಂದು ನಾವು ಅಷ್ಟು, ಇಷ್ಟು, ಎಷ್ಟು ಎನ್ನುತ್ತೇವೆ. ಹೋಲಿಕೆಗೆ ‘ಗಿಂತ’ ಉಂಟು. ಮೇರೆಗೆ ‘ವರೆಗೆ’, ‘ತನಕ’ ಉಂಟು. ನಮ್ಮ ಕಡೆಯ ಆಡುಮಾತಿನಲ್ಲಿ ‘ಮಟ’ ಉಂಟು. ಕೊನೆಯ ಅಂಚನ್ನು ತೋರಿಸಬೇಕಾದರೆ ಪದವನ್ನೇ ಇಮ್ಮಡಿಸಿ ತುತ್ತತುದಿ, ಕಟ್ಟಕಡೆ, ನಟ್ಟನಡುವೆ, ಬಟ್ಟಬಯಲು ಎನ್ನುತ್ತೇವೆ. ಹೇರಳವಾಗಿದ್ದುದಕ್ಕೆ ‘ರಗಡ’, ತುಸುವೇ ಇದ್ದುದಕ್ಕೆ ಉರ್ದುವಿನಿಂದ ಬಂದು ನಮ್ಮದೇ ಆಗಿಹೋದ ‘ಜರಾ’. ಒಕ್ಕಲಿಗನಂತೂ ತನ್ನ ಮೈಯನ್ನೇ ಅಳತೆಗೋಲು ಮಾಡಿಕೊಂಡಿದ್ದಾನೆ: ಹಳ್ಳದ ನೀರು ಮೊಣಕಾಲಮಟ್ಟ, ತೊಗರಿ ಎದೆಮಟ್ಟ, ಜೋಳ ಆಳೆತ್ತರ.

ಈ ಪುಟ್ಟ ಪದಗಳ ಬೆಲೆ ಎಂತಹದೆಂಬುದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಕಲಬುರಗಿಯಿಂದ ಸೇಡಂ ರಸ್ತೆಯನ್ನು ಹಿಡಿದರೆ 1980ರಲ್ಲಿ ಸ್ಥಾಪನೆಗೊಂಡ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಎದುರಾಗುತ್ತದೆ. ಅದೇ ದಾರಿಯಲ್ಲಿ ಇನ್ನೂ ಮುಂದೆ ಸಾಗಿದರೆ ಕಾಗಿಣಾ ನದಿಯ ದಂಡೆಯ ಮಳಖೇಡ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಮಾನ್ಯಖೇಟದಲ್ಲಿ, ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರ ಹೊತ್ತಿಗೆ ‘ಕವಿರಾಜಮಾರ್ಗ’ ರಚಿತವಾಯಿತು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಸಾರಿದ ಗ್ರಂಥವದು. ಅಲ್ಲಿ ಆ ಮೇರೆಯನ್ನು ಹೇಳಿದ ಪದ ‘ವರಂ’. ಇಂದಿನ ನಮ್ಮ ‘ವರೆಗೆ’ಯ ಹಿರಿಯ ರೂಪ. ಒಂದು ನಾಡಿನ ವಿಸ್ತಾರವೆಲ್ಲ ಎರಡಕ್ಷರದ ಆ ಪದದ ಆಸರೆಯಲ್ಲಿ ನಿಂತಿದೆ!

ಈಗ ನಮ್ಮ ಮನೆಗಳ ಮಕ್ಕಳು ಕೊರಿಯಾ ದೇಶದ ಧಾರಾವಾಹಿಗಳನ್ನೂ ಹಾಡುಗಳನ್ನೂ ಮೆಚ್ಚಿಕೊಂಡು ಆ ಭಾಷೆಯನ್ನು ಕಲಿಯಲು ಹಂಬಲಿಸುತ್ತಿದ್ದಾರೆ. ಹಿರಿಯರು ಇದಕ್ಕೆ ಹುಬ್ಬು ಗಂಟಿಕ್ಕಬೇಕಾಗಿಲ್ಲ. ಅಳತೆಯನ್ನು ಹೇಳುವ ಬಗೆಯಲ್ಲಿ ಆ ನುಡಿಗೂ ನಮ್ಮ ನುಡಿಗೂ ಸೋಜಿಗದ ಸಾಮ್ಯವುಂಟು. ನಾವು ‘ಗಿಂತ’ ಎಂಬುದನ್ನು ಹೆಸರಿನ ಹಿಂದೆ ಹಚ್ಚುವಂತೆ ಅವರು ‘ಬೊದಾ’ ಎಂಬುದನ್ನು ಹಚ್ಚುತ್ತಾರೆ. ನಮ್ಮ ‘ವರೆಗೆ’ಯ ಸ್ಥಾನದಲ್ಲಿ ಅವರದು ‘ಕಾಜಿ’. ನಮ್ಮ ‘ಅಷ್ಟು’ವಿನ ಸ್ಥಾನದಲ್ಲಿ ‘ಮಾನ್‌ಖುಮ್’. ನಾವು ‘ಸಾಯುವಷ್ಟು’ ಎಂದು ಕ್ರಿಯಾಪದಕ್ಕೆ ಅಳತೆಯನ್ನು ಜೋಡಿಸುವಂತೆಯೇ ಅವರು ‘ಜುಗುಲ್ ಮಾನ್‌ಖುಮ್’ ಎನ್ನುತ್ತಾರೆ. ಇಂಗ್ಲಿಷಿನ ದಾರಿಯಿಂದ ಕಲಿಯುವವರಿಗೆ ತೊಡಕಾಗುವ ಈ ಪಾಠ, ಕನ್ನಡ ಬಲ್ಲ ಮಗುವಿಗೆ ಅರ್ಧ ಕಲಿತಂತೆಯೇ ಸರಿ.

ಅವರಿಂದ ನಾವು ಕಲಿಯಬೇಕಾದ ಇನ್ನೊಂದು ಸಂಗತಿಯುಂಟು. ಕೊರಿಯನ್ನಿನಲ್ಲಿ ‘ನೊಮು’ ಎಂಬ ಪದದ ಅರ್ಥ ‘ಮಿತಿಮೀರಿ’ ಎಂದು. ಕೆಟ್ಟದ್ದನ್ನು ಹೇಳುವಾಗ ಮಾತ್ರ ಅದು ಸಲ್ಲುತ್ತದೆಂದು ಅಲ್ಲಿಯ ವ್ಯಾಕರಣ ವಿಧಿಸಿತ್ತು. ಆದರೆ ಜನ ಒಳ್ಳೆಯದಕ್ಕೂ ಅದನ್ನೇ ಬಳಸುತ್ತ ಬಂದರು. ಕಡೆಗೆ 2015ರಲ್ಲಿ ಆ ದೇಶದ ರಾಷ್ಟ್ರೀಯ ಭಾಷಾ ಸಂಸ್ಥೆ ಈ ಬಳಕೆಯನ್ನೂ ಒಪ್ಪಿಕೊಂಡಿತು. ನಮ್ಮಲ್ಲೂ ಆದುದು ಇದೇ ಅಲ್ಲವೇ? ‘ಉತ್ತಮ’ವೆಂದರೆ ಎಲ್ಲಕ್ಕಿಂತ ಮೇಲಾದುದು. ಅದು ಸಾಲದೆಂದು ‘ಅತ್ಯುತ್ತಮ’ ಮಾಡಿದೆವು. ಈಗ ‘ಭಯಂಕರ ಚೆಂದ’ ಎನ್ನುತ್ತೇವೆ. ಭಾಷೆ ಬೆಳೆಯುವ ಪರಿ ಹೀಗೆಯೇ, ಅದನ್ನು ತಡೆಯಲಾಗದು. ಆದರೆ ಪ್ರತಿಯೊಂದೂ ‘ಭಯಂಕರ’ವಾದ ಮೇಲೆ, ನಿಜವಾಗಿ ಭಯಂಕರವಾದುದು ಮನೆಗೆ ಬಂದಾಗ ಅದನ್ನು ಹೇಳುವ ಮಾತು ಯಾವುದು?

ಇದು ಕೇವಲ ವ್ಯಾಕರಣದ ಮಾತಲ್ಲ, ಜೀವದ ಮಾತು. ಸುತ್ತಲಿನ ಹಳ್ಳಿಗಳಿಂದ ನಗರದ ಆಸ್ಪತ್ರೆಗಳಿಗೆ ನಿತ್ಯ ಬರುವ ರೋಗಿಗಳನ್ನು ನೆನೆಯಿರಿ. ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟೆಂದು ವೈದ್ಯರು ಕೇಳುವ ಪದ್ಧತಿಯುಂಟು. ಬಾಳೆಲ್ಲ ದುಡಿದ ಅವ್ವನಿಗೆ ಆ ಅಂಕಿಯಲ್ಲಿ ತನ್ನ ಬೇನೆ ಕಾಣುವುದಿಲ್ಲ. ಮಕ್ಕಳಿಗೆ ಹೊರೆಯಾದೇನೆಂಬ ಸಂಕೋಚ ಬೇರೆ. ‘ಜರಾ ಬ್ಯಾನಿ ಅದ, ಏನಿಲ್ಲ ತಗೋ’ ಎಂದುಬಿಡುತ್ತಾಳೆ. ಮತ್ತೊಬ್ಬರು ಚಿಕ್ಕ ನೋವಿಗೂ ‘ಭಾಳ, ಭಾಳ’ ಎನ್ನುತ್ತಾರೆ. ‘ಜರಾ’ದ ಹಿಂದೆ ಅಡಗಿದ ಬೇನೆ ‘ಭಾಳ’ದ ಗದ್ದಲದಲ್ಲಿ ಕೇಳಿಸದೆ ಹೋಗುತ್ತದೆ.

ಇಲ್ಲಿ ನೆರವಿಗೆ ಬರುವುದು ನಮ್ಮ ‘ಅಷ್ಟು’. ‘ಯವ್ವಾ, ಎಷ್ಟು ಬ್ಯಾನಿ ಅದ?’ ಎಂದು ಕೇಳಿ ಅಲ್ಲಿಗೇ ಬಿಡಬೇಡಿ. ‘ಏನು ಮಾಡಲಾರದಷ್ಟು ಅದ?’ ಎಂದು ಕೇಳಿರಿ. ‘ರಾತ್ರಿ ನಿದ್ದಿ ಹತ್ತದಷ್ಟು’, ‘ರೊಟ್ಟಿ ಬಡಿಯಲಿಕ್ಕೆ ಕೈ ಎತ್ತಲಾರದಷ್ಟು’, ‘ಅಗಸಿಮಟ ನಡೀಲಾರದಷ್ಟು’ ಎಂಬ ಉತ್ತರ ಬಂದೀತು. ‘ಭಾಳ’ ಎಂಬುದು ಬರಿಯ ದನಿ. ‘ರೊಟ್ಟಿ ಬಡಿಯಲಾರದಷ್ಟು’ ಎಂಬುದು ಸಾಕ್ಷಿ. ಕಳೆದ ತಿಂಗಳು ಅಗಸಿಯವರೆಗೆ ನಡೆಯುತ್ತಿದ್ದವಳು ಈಗ ಅಂಗಳದವರೆಗೆ ಮಾತ್ರ ನಡೆದರೆ, ಬೇನೆ ಏರಿದುದು ವೈದ್ಯರಿಗೂ ತಿಳಿಯುತ್ತದೆ, ಮನೆಯವರಿಗೂ ತಿಳಿಯುತ್ತದೆ.

ಸೊಸೆಯ ದಣಿವು, ಮಗನ ಸಾಲ, ಓದುವ ಹುಡುಗಿಯ ಪರೀಕ್ಷೆಯ ಅಂಜಿಕೆ ಇವುಗಳಿಗೂ ಇದೇ ಮಾತು ಸಲ್ಲುತ್ತದೆ. ‘ಎಷ್ಟು?’ ಎಂದು ಕೇಳುವವರು ಮನೆಯಲ್ಲಿರಬೇಕು; ಉತ್ತರ ಬರುವವರೆಗೆ ಕಾಯುವ ತಾಳ್ಮೆಯೂ ಅವರಿಗಿರಬೇಕು. ಹಿಗ್ಗಿಸದೆ, ಕುಗ್ಗಿಸದೆ, ಇದ್ದುದನ್ನು ಇದ್ದಷ್ಟೇ ಹೇಳುವ ಮಾತು ನಮ್ಮ ಮನೆಗಳಲ್ಲಿ ಉಳಿಯಲಿ.